ಮತ್ಸ್ಯನ್ಯಾಯಕ್ಕೂ ಒಂದು ಲೆಕ್ಕವಿದೆ

ನೇತ್ರಾಣಿ ದ್ವೀಪದ ಬೇಟೆಗಾರ ಮೀನುಗಳು ಏನು ತಿನ್ನುತ್ತವೆ, ಹೇಗೆ ತಿನ್ನುತ್ತವೆ?

ನವನಗರ (ಹುಬ್ಬಳ್ಳಿ-ಧಾರವಾಡ): ಅರಬೈಲ್ ಘಟ್ಟ ಏರಿ ಬರುವ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಅವಳಿ ನಗರಕ್ಕೆ ಮುಖ್ಯವಾಗಿ ಎರಡು ಬಗೆಯ ಸಮುದ್ರ ಮೀನು ತಲುಪುತ್ತದೆ. ಒಂದು, ಸಾಮಾನ್ಯರ ಕೈಗೆಟಕುವ ತಾರ್ಲೆ ಮತ್ತು ಬಂಗಡೆ. ಇನ್ನೊಂದು, ತುಂಡು ಮಾಡಿ ತೂಗುವ ದುಬಾರಿ ಇಸ್ವಾಣ. ಗ್ರಾಹಕನ ದೃಷ್ಟಿಯಲ್ಲಿ ಇವೆರಡೂ ಬೇರೆ ಬೇರೆ ಸರಕು. ಸಮುದ್ರದ ದೃಷ್ಟಿಯಲ್ಲಿ ಮೊದಲನೆಯದು ಎರಡನೆಯದರ ಊಟ.

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಸ್ಥಿತಿಗೆ ನಮ್ಮ ಪ್ರಾಚೀನ ರಾಜನೀತಿಕಾರರು 'ಮತ್ಸ್ಯನ್ಯಾಯ' ಎಂದು ಹೆಸರಿಟ್ಟರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಅರಾಜಕತೆಯ ಇನ್ನೊಂದು ಹೆಸರು. ಆದರೆ ಸಮುದ್ರಜೀವಿ ವಿಜ್ಞಾನಿಗಳು ಕಳೆದ ಕೆಲವು ದಶಕಗಳಲ್ಲಿ ಕಂಡುಕೊಂಡಿರುವ ಸಂಗತಿ ಇದಕ್ಕೆ ವಿರುದ್ಧವಾಗಿದೆ. ಯಾವ ಮೀನು, ಯಾವ ಹೊತ್ತಿನಲ್ಲಿ, ಯಾವ ಬಂಡೆಯ ಬದಿಯಲ್ಲಿ, ಯಾವುದನ್ನು ತಿನ್ನುತ್ತದೆ ಎಂಬುದಕ್ಕೆ ಸಮುದ್ರದಲ್ಲಿ ಕಟ್ಟುನಿಟ್ಟಾದ ಕ್ರಮವಿದೆ. ಅರಾಜಕತೆ ಉಂಟಾಗುವುದು ಆ ಕ್ರಮ ತಪ್ಪಿದಾಗ.

ಕರ್ನಾಟಕದ ಸುಮಾರು 300 ಕಿ.ಮೀ. ಕರಾವಳಿಯಲ್ಲಿ ಈ ಕ್ರಮವನ್ನು ಕಣ್ಣಾರೆ ಕಾಣಬಹುದಾದ ಅತ್ಯುತ್ತಮ ಜಾಗವೆಂದರೆ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪ.

ಬಂಡೆಯ ಸುತ್ತ ಒಂದು ಊರು

ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅಂದರೆ ಮೀನುಗಾರರ ಲೆಕ್ಕದಲ್ಲಿ 10 ನಾಟಿಕಲ್ ಮೈಲು ಆಚೆ, ನೇತ್ರಾಣಿ ನೀರಿನಿಂದ ಮೇಲೆದ್ದು ನಿಂತಿದೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಇಂಗ್ಲಿಷ್ ನಕಾಶೆಗಳಲ್ಲಿ ಇದರ ಹೆಸರು ಪಾರಿವಾಳಗಳ ದ್ವೀಪ. ಇಲ್ಲಿ ಜನವಸತಿಯಿಲ್ಲ. ಮೇಲೆ ಕಾಡು, ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದಿನ ಗೂಡು, ನೀರಿನಡಿಯಲ್ಲಿ ಹವಳ.

ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ನೇತ್ರಾಣಿಯ ಹವಳ ಮತ್ತು ಅದರ ಆಶ್ರಯದಲ್ಲಿರುವ ಮೀನುಗಳನ್ನು ದಾಖಲಿಸಿ 2008ರಲ್ಲಿ ಅಧ್ಯಯನ ಪ್ರಕಟಿಸಿದ್ದರು. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಇಲ್ಲಿಗೆ ಬರುವ ಸ್ಕೂಬಾ ಡೈವಿಂಗ್ ಪ್ರವಾಸಿಗರು ಬಣ್ಣಬಣ್ಣದ ಚಿಕ್ಕ ಮೀನುಗಳ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಅವುಗಳ ಹಿಂದೆಯೇ, ತುಸು ಆಳದಲ್ಲಿ ಅಥವಾ ತುಸು ದೂರದಲ್ಲಿ, ಬೇಟೆಗಾರರಿರುತ್ತಾರೆ. ಬಂಡೆಯ ಸಂದಿಯಲ್ಲಿ ಗ್ರೂಪರ್, ಅಂದರೆ ಕರಾವಳಿಯ ಮುರು ಮೀನು. ಗುಂಪಾಗಿ ತೇಲುವ ಬರಾಕುಡ. ಸುತ್ತು ಹಾಕುವ ಟ್ರೆವಲಿ. ಒಮ್ಮೊಮ್ಮೆ ಕೋಬಿಯಾ, ಅಪರೂಪಕ್ಕೆ ಶಾರ್ಕ್.

ದ್ವೀಪದ ಬಳಿಯೇ ಏಕೆ?

ಉಷ್ಣವಲಯದ ತೆರೆದ ಸಮುದ್ರ ನೋಡಲು ಎಷ್ಟು ನೀಲಿಯೋ ಪೌಷ್ಟಿಕಾಂಶದಲ್ಲಿ ಅಷ್ಟೇ ಬಡ. ನೀಲಿ ನೀರೆಂದರೆ ಅದರಲ್ಲಿ ಸಸ್ಯ ಪ್ಲವಕ, ಅಂದರೆ ತೇಲುವ ಸೂಕ್ಷ್ಮ ಸಸ್ಯಗಳು, ಕಡಿಮೆ ಎಂದರ್ಥ. ಮೇಲ್ಪದರದ ಬಿಸಿ ನೀರು ಹಗುರವಾಗಿ ತೇಲುತ್ತದೆ. ಪೌಷ್ಟಿಕಾಂಶವೆಲ್ಲ ಕೆಳಗಿನ ತಣ್ಣೀರಿನಲ್ಲಿ ಉಳಿದುಬಿಡುತ್ತದೆ. ಬಿಸಿಲು ಮೇಲೆ, ಗೊಬ್ಬರ ಕೆಳಗೆ. ಎರಡೂ ಕೂಡದೆ ಬೆಳೆ ಬಾರದು.

ಇಂತಹ ಕಡಲಿನ ನಡುವೆ ಒಂದು ದ್ವೀಪ ಎದ್ದುನಿಂತರೆ ಪ್ರವಾಹ ಅದಕ್ಕೆ ಡಿಕ್ಕಿ ಹೊಡೆದು ಮೇಲಕ್ಕೆ ತಿರುಗುತ್ತದೆ. ದ್ವೀಪದ ಹಿಂಬದಿಯಲ್ಲಿ ಸುಳಿಗಳು ಏಳುತ್ತವೆ. ಕೆಳಗಿನ ತಣ್ಣೀರು ಮೇಲಿನದರೊಂದಿಗೆ ಬೆರೆಯುತ್ತದೆ. ಹಕ್ಕಿಗಳ ಹಿಕ್ಕೆ ಮತ್ತು ಮಳೆಯಲ್ಲಿ ಕೊಚ್ಚಿಬರುವ ಮಣ್ಣು ಇನ್ನಷ್ಟು ಗೊಬ್ಬರ ಸೇರಿಸುತ್ತವೆ. ಇದನ್ನು 1956ರಲ್ಲಿಯೇ ವಿಜ್ಞಾನಿಗಳಾದ ಡಾಟಿ ಮತ್ತು ಒಗುರಿ 'ದ್ವೀಪ ಪರಿಣಾಮ' ಎಂಬರ್ಥದ ಹೆಸರಿನಿಂದ ಗುರುತಿಸಿದರು. ಪೆಸಿಫಿಕ್ ಸಾಗರದ 35 ಹವಳ ದ್ವೀಪಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವು ಅವುಗಳಲ್ಲಿ ಶೇ 91ರಷ್ಟು ಕಡೆ ದಡದ ಸಮೀಪ ಸಸ್ಯ ಪ್ಲವಕ ಹೆಚ್ಚಿರುವುದನ್ನು ತೋರಿಸಿತು. ಪ್ಲವಕ ಇದ್ದಲ್ಲಿ ಅದನ್ನು ತಿನ್ನುವ ಸಣ್ಣ ಮೀನು, ಸಣ್ಣ ಮೀನು ಇದ್ದಲ್ಲಿ ಬೇಟೆಗಾರ.

ನೇತ್ರಾಣಿಯ ಸ್ಥಿತಿ ಇದಕ್ಕಿಂತ ಸ್ವಲ್ಪ ಭಿನ್ನ. ಅದು ನಡುಗಡಲಿನ ದ್ವೀಪವಲ್ಲ. ಭೂಖಂಡದ ಅಂಚಿನ ಆಳವಿಲ್ಲದ ನೀರಿನಲ್ಲಿದೆ. ಇಲ್ಲಿ ಗೊಬ್ಬರ ಹಾಕುವುದು ಮುಖ್ಯವಾಗಿ ಮುಂಗಾರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ಮಾರುತ ಮತ್ತು ಪ್ರವಾಹಗಳು ಪಶ್ಚಿಮ ಕರಾವಳಿಯ ಉದ್ದಕ್ಕೂ ಆಳದ ತಣ್ಣೀರನ್ನು ಮೇಲಕ್ಕೆಳೆಯುತ್ತವೆ. ನದಿಗಳು ಘಟ್ಟದ ಸಾರವನ್ನು ಹೊತ್ತು ತರುತ್ತವೆ. ಕಡಲು ಹಸಿರಾಗುತ್ತದೆ. ಈ ಹಸಿರನ್ನು ಮೇಯಲು ಬರುವುದೇ ತಾರ್ಲೆ, ಮಂಗಳೂರು-ಉಡುಪಿ ಭಾಗದವರ ಭೂತಾಯಿ. ಬಂಗಡೆ ಮತ್ತು ನೆತ್ತಲಿ ಜತೆಗೂಡುತ್ತವೆ.

ಹಾಗಾದರೆ ಇಲ್ಲಿ ದ್ವೀಪದ ಪಾತ್ರವೇನು? ಕರಾವಳಿಯ ತಳ ಬಹುಪಾಲು ಮರಳು ಮತ್ತು ಕೆಸರು. ಅಲ್ಲಿ ಅಡಗಲು ಜಾಗವಿಲ್ಲ. ನೇತ್ರಾಣಿಯಂತಹ ಬಂಡೆ ಮತ್ತು ಹವಳದ ತಾಣವು ಸಣ್ಣ ಮೀನಿಗೆ ಸಂದಿ, ಮರಿಗಳಿಗೆ ತೊಟ್ಟಿಲು, ಬೇಟೆಗಾರನಿಗೆ ಹೊಂಚುತಾಣ. ಸುತ್ತಲಿನ ವಿಶಾಲ ಕಡಲಿನಲ್ಲಿ ಚದುರಿದ ಊಟ ಇಲ್ಲಿ ಒಂದೇ ಕಡೆ ಸಿಗುತ್ತದೆ.

ಹೊಂಚುವವರು ಮತ್ತು ಅಟ್ಟುವವರು

ಬೇಟೆಯ ವಿಧಾನದ ಆಧಾರದಲ್ಲಿ ಈ ಮೀನುಗಳನ್ನು ಎರಡು ಗುಂಪುಗಳಾಗಿ ನೋಡಬಹುದು. ಮೊದಲನೆಯದು ಹೊಂಚುವವರದ್ದು. ಮುರು ಮೀನು ಇದರ ಮಾದರಿ. ದಪ್ಪ ದೇಹ, ಅಗಲ ಬಾಯಿ, ಬಂಡೆಯ ಬಣ್ಣ. ಅದು ಓಡುವುದಿಲ್ಲ. ಬೇಟೆ ಹತ್ತಿರ ಬಂದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಬಾಯಿಯನ್ನು ಅಗಲಿಸುತ್ತದೆ. ಆಗ ಬಾಯೊಳಗೆ ಉಂಟಾಗುವ ಸೆಳೆತಕ್ಕೆ ನೀರಿನೊಂದಿಗೆ ಸಣ್ಣ ಮೀನೂ ಒಳಗೆ ಹೋಗುತ್ತದೆ. ಹಲ್ಲಿನ ಕೆಲಸ ಕಡಿಮೆ. ಬೇಟೆಯನ್ನು ಇಡಿಯಾಗಿ ನುಂಗುವುದೇ ರೂಢಿ.

ಬಂಡೆಯ ಬಿರುಕಿನಲ್ಲಿರುವ ಮೊರೆ ಹಾವುಮೀನಿಗೆ ಈ ಉಪಾಯ ಸಾಧ್ಯವಿಲ್ಲ. ಬಿರುಕಿನೊಳಗೆ ಬಾಯಿ ಅಗಲಿಸಲು ಜಾಗವೇ ಇಲ್ಲ. ಅದಕ್ಕೆ ಪ್ರಕೃತಿ ಬೇರೆ ಏರ್ಪಾಟು ಮಾಡಿದೆ. ಮೊರೆಯ ಗಂಟಲಿನಲ್ಲಿ ಎರಡನೆಯ ಜೋಡಿ ದವಡೆಗಳಿವೆ. ಮುಂದಿನ ಹಲ್ಲು ಬೇಟೆಯನ್ನು ಹಿಡಿದ ಕೂಡಲೇ ಗಂಟಲಿನ ದವಡೆ ಮುಂದಕ್ಕೆ ಬಂದು ಅದನ್ನು ಕಚ್ಚಿ ಒಳಗೆ ಎಳೆದುಕೊಳ್ಳುತ್ತದೆ. 2007ರಲ್ಲಿ ರೀಟಾ ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ ಎಂಬ ವಿಜ್ಞಾನಿಗಳು ಇದನ್ನು ಜಗತ್ತಿಗೆ ತೋರಿಸಿಕೊಟ್ಟರು.

ಎರಡನೆಯ ಗುಂಪು ಅಟ್ಟಿಸಿಕೊಂಡು ಹೋಗುವವರದ್ದು. ಬರಾಕುಡ ಈಟಿಯಂತಹ ದೇಹದಿಂದ ನಿಂತಲ್ಲಿಂದಲೇ ಚಿಮ್ಮುತ್ತದೆ. ದೊಡ್ಡ ಬೇಟೆಯಾದರೆ ಹರಿತ ಹಲ್ಲಿನಿಂದ ಎರಡು ತುಂಡು ಮಾಡಿ ತಿನ್ನುತ್ತದೆ. ಅದು ಕಣ್ಣನ್ನೇ ನಂಬಿದ ಬೇಟೆಗಾರ. ಹೊಳೆಯುವ ವಸ್ತುವನ್ನು ಮೀನೆಂದು ಭಾವಿಸಿ ಎರಗುವುದೂ ಉಂಟು. ಟ್ರೆವಲಿ ಗುಂಪುಗೂಡಿ ಸಣ್ಣ ಮೀನಿನ ಹಿಂಡನ್ನು ಬಂಡೆಯ ಗೋಡೆಗೆ ಒತ್ತುತ್ತದೆ, ಹಿಂಡು ಒಡೆದಾಗ ಬಿಡಿಯಾದ ಮೀನನ್ನು ಹಿಡಿಯುತ್ತದೆ. ಇದೇ ಕುಲದ ದೈತ್ಯ ಟ್ರೆವಲಿಯು ಸೆಷೆಲ್ಸ್ ದ್ವೀಪಸಮೂಹದಲ್ಲಿ ನೀರಿನಿಂದ ಹಾರಿ ಕಡಲಹಕ್ಕಿಯನ್ನೇ ಹಿಡಿಯುವ ದೃಶ್ಯವನ್ನು 2017ರಲ್ಲಿ ಬಿಬಿಸಿಯ 'ಬ್ಲೂ ಪ್ಲಾನೆಟ್ 2' ಸರಣಿ ಪ್ರಸಾರ ಮಾಡಿತ್ತು.

ಕೋಬಿಯಾದ ಜಾಣ್ಮೆ ಬೇರೆ. ಅದು ತೊರಕೆ ಮತ್ತು ದೊಡ್ಡ ಶಾರ್ಕ್‌ಗಳ ಬೆನ್ನು ಹತ್ತುತ್ತದೆ. ತೊರಕೆ ತಳದ ಮರಳು ಕೆದಕಿದಾಗ ಹೊರಬೀಳುವ ಏಡಿ, ಸಿಗಡಿಯನ್ನು ಹೆಕ್ಕಿ ತಿನ್ನುತ್ತದೆ. ನೇಗಿಲಿನ ಹಿಂದೆ ನಡೆಯುವ ಬೆಳ್ಳಕ್ಕಿಯಂತೆ.

ಇಸ್ವಾಣ, ದಕ್ಷಿಣದವರ ಅಂಜಲ್, ದ್ವೀಪದ ಕಾಯಂ ನಿವಾಸಿಯಲ್ಲ. ತಾರ್ಲೆ, ನೆತ್ತಲಿ, ಬೊಂಡಾಸ್‌ಗಳ ಹಿಂಡು ಎಲ್ಲಿಗೆ ಹೋದರೆ ಅಲ್ಲಿಗೆ ಹೋಗುತ್ತದೆ. ಟ್ಯೂನಾ ಇನ್ನೂ ದೂರದ ಪ್ರಯಾಣಿಕ. ಬಹುತೇಕ ಮೀನುಗಳ ದೇಹದ ಉಷ್ಣತೆ ಸುತ್ತಲಿನ ನೀರಿನಷ್ಟೇ ಇರುತ್ತದೆ. ಟ್ಯೂನಾದಲ್ಲಿ ಹಾಗಲ್ಲ. ಅದರ ರಕ್ತನಾಳಗಳ ವಿಶೇಷ ಹೆಣಿಗೆ ಸ್ನಾಯುಗಳ ಬಿಸಿಯನ್ನು ಹೊರಹೋಗಲು ಬಿಡುವುದಿಲ್ಲ. ಆದ್ದರಿಂದ ಅದು ದಣಿಯದೆ ಈಜಬಲ್ಲದು. ಆದರೆ ಹಾಗೆ ಈಜಲು ಸದಾ ತಿನ್ನುತ್ತಿರಬೇಕು.

ವೇಗದ ಬಗೆಗಿನ ಒಂದು ಜನಪ್ರಿಯ ನಂಬಿಕೆಯನ್ನು ಇಲ್ಲಿ ತಿದ್ದಬೇಕು. ಬೆನ್ನ ಮೇಲೆ ಹಾಯಿಯಂತಹ ರೆಕ್ಕೆ, ಮುಂದೆ ಭರ್ಚಿಯಂತಹ ಮೂತಿ ಇರುವ ಸೇಲ್‌ಫಿಶ್ ಗಂಟೆಗೆ 100 ಕಿ.ಮೀ.ಗೂ ಮೀರಿ ಓಡುತ್ತದೆ ಎಂದು ಪಠ್ಯಗಳಲ್ಲಿಯೂ ಬರೆದಿರುತ್ತದೆ. 2015 ಮತ್ತು 2016ರಲ್ಲಿ ಪ್ರಕಟವಾದ ಅಧ್ಯಯನಗಳ ಪ್ರಕಾರ ಅದು ಗಂಟೆಗೆ 36ರಿಂದ 54 ಕಿ.ಮೀ. ದಾಟುವ ಸಾಧ್ಯತೆ ಕಡಿಮೆ. ಅದರ ಬಲ ಓಟದಲ್ಲಿಲ್ಲ. ತಾರ್ಲೆಯಂತಹ ಮೀನಿನ ಹಿಂಡಿನೊಳಗೆ ಮೆಲ್ಲಗೆ ಮೂತಿ ತೂರಿಸಿ ಥಟ್ಟನೆ ಅಡ್ಡ ಬೀಸಿ ಗಾಯಗೊಳಿಸುವುದರಲ್ಲಿದೆ. ಗುಂಪಿನ ಸದಸ್ಯರು ಸರದಿಯಲ್ಲಿ ಹೀಗೆ ಮಾಡುತ್ತಾ ಹಿಂಡನ್ನು ದಣಿಸುತ್ತವೆ.

ಸಂಜೆಗೆ ಪಾಳಿ ಬದಲು

ಹವಳದ ತಾಣದಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಉಣ್ಣುವುದಿಲ್ಲ. ಹಗಲಿನ ಮೀನುಗಳು ಸೂರ್ಯಾಸ್ತದ ವೇಳೆಗೆ ಸಂದಿ ಸೇರುತ್ತವೆ. ಸ್ವಲ್ಪ ಹೊತ್ತಿನ ನಂತರ ರಾತ್ರಿಯ ಮೀನುಗಳು ಹೊರಬರುತ್ತವೆ. ಕಾರ್ಖಾನೆಯ ಪಾಳಿ ಬದಲಾದಂತೆ. ಈ ನಡುವಿನ ಮಬ್ಬು ಬೆಳಕಿನ ಅವಧಿ ಬೇಟೆಗಾರರ ಸುಗ್ಗಿ. ಹಗಲಿಗೆ ಹೊಂದಿಕೊಂಡ ಸಣ್ಣ ಮೀನಿನ ಕಣ್ಣು ಆಗ ಸರಿಯಾಗಿ ಕಾಣುವುದಿಲ್ಲ, ದೊಡ್ಡ ಬೇಟೆಗಾರನಿಗೆ ಕೆಳಗಿನಿಂದ ನೋಡಿದರೆ ಆಕಾಶದ ಹಿನ್ನೆಲೆಯಲ್ಲಿ ಅದರ ನೆರಳು ಸ್ಪಷ್ಟ. ಬೆಳಗಿನ ಜಾವದಲ್ಲಿ ಇದೇ ಪುನರಾವರ್ತನೆ. ಗಾಳ ಹಾಕುವವರು ನಸುಕು ಮತ್ತು ಸಂಜೆಯನ್ನು ಆಯ್ದುಕೊಳ್ಳುವುದರ ಹಿಂದೆ ಇರುವುದು ಇದೇ ಕಾರಣ.

ರಾತ್ರಿಯಾದ ಮೇಲೆ ಸ್ನ್ಯಾಪರ್ ಜಾತಿಯ ಮೀನುಗಳು ಬಂಡೆ ಬಿಟ್ಟು ಸುತ್ತಲಿನ ಮರಳಿಗೆ ಇಳಿದು ಏಡಿ, ಸಿಗಡಿ ಹುಡುಕುತ್ತವೆ. ಬೆಳಗಾಗುವಾಗ ಹಿಂತಿರುಗುತ್ತವೆ. ಹೀಗೆ ಹೊರಗಿನ ಊಟ ದ್ವೀಪದ ಒಳಗೆ ಬರುತ್ತದೆ.

ಬೇರೆ ಬೇರೆ ಜಾತಿಗಳು ಕೂಡಿ ಬೇಟೆಯಾಡುವುದೂ ಉಂಟು. ಕೆಂಪು ಸಮುದ್ರದಲ್ಲಿ ನಡೆದು 2006ರಲ್ಲಿ ಪ್ರಕಟವಾದ ರೆಡುವಾನ್ ಬ್ಷಾರಿ ಮತ್ತು ಸಂಗಡಿಗರ ಅಧ್ಯಯನ ಇದಕ್ಕೆ ಹೆಸರಾಗಿದೆ. ಬೇಟೆ ಬಿರುಕಿಗೆ ನುಸುಳಿದರೆ ಗ್ರೂಪರ್ ಮೀನು ಮೊರೆ ಹಾವುಮೀನಿನ ಬಿಲದ ಮುಂದೆ ಹೋಗಿ ತಲೆ ಅಲ್ಲಾಡಿಸಿ ಕರೆಯುತ್ತದೆ. ಮೊರೆ ಬಿರುಕಿನೊಳಗೆ ಹೋಗುತ್ತದೆ, ಗ್ರೂಪರ್ ಹೊರಗೆ ಕಾಯುತ್ತದೆ. ಒಳಗೆ ಸಿಕ್ಕರೆ ಮೊರೆಗೆ, ಹೊರಗೆ ಓಡಿದರೆ ಗ್ರೂಪರ್‌ಗೆ. ಹಂಚಿಕೊಂಡು ತಿನ್ನುವುದಿಲ್ಲ. ಆದರೂ ಒಂಟಿ ಬೇಟೆಗಿಂತ ಇಬ್ಬರಿಗೂ ಲಾಭ ಹೆಚ್ಚು.

ಒಂದು ಕಿಲೋಗೆ ಎಷ್ಟು ಕಿಲೋ?

ಮೀನಿನ ಊಟವನ್ನು ಅರಿಯಲು ಹಳೆಯ ವಿಧಾನ ಹೊಟ್ಟೆ ಸೀಳಿ ನೋಡುವುದು. ದಕ್ಕೆಗೆ ಬಂದ ಮೀನಿನ ಜಠರದಲ್ಲಿ ಸಿಕ್ಕ ಮುಳ್ಳು, ಚಿಪ್ಪು, ಬೊಂಡಾಸಿನ ಕೊಕ್ಕುಗಳನ್ನು ಗುರುತಿಸಿ ಎಣಿಸಲಾಗುತ್ತದೆ. ಸಿಎಂಎಫ್‌ಆರ್‌ಐಯ ಕಾರವಾರ, ಮಂಗಳೂರು ಕೇಂದ್ರಗಳು ಮತ್ತು 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಈ ಕರಾವಳಿಯ ಮೀನುಗಳ ಅಧ್ಯಯನದಲ್ಲಿ ಬಹುಕಾಲದಿಂದ ತೊಡಗಿವೆ. ಇದೀಗ ಸ್ನಾಯುವಿನಲ್ಲಿರುವ ಇಂಗಾಲ ಮತ್ತು ಸಾರಜನಕದ ಸಮಸ್ಥಾನಿಗಳನ್ನು ಅಳೆದು, ಹಿಂದಿನ ಕೆಲವು ತಿಂಗಳಲ್ಲಿ ಮೀನು ಸರಪಳಿಯ ಯಾವ ಮೆಟ್ಟಿಲಿನಲ್ಲಿ ಉಂಡಿದೆ ಎಂದು ಹೇಳಬಹುದಾಗಿದೆ.

ಇವೆಲ್ಲದರಿಂದ ಹೊರಬಂದ ಸ್ಥೂಲ ಲೆಕ್ಕವೊಂದಿದೆ. ಆಹಾರ ಸರಪಳಿಯ ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಏರುವುದು ಹತ್ತರಲ್ಲಿ ಒಂದು ಪಾಲು ಶಕ್ತಿ ಮಾತ್ರ. ಉಳಿದದ್ದು ಈಜಾಟ, ಉಸಿರಾಟಗಳಲ್ಲಿ ವ್ಯಯವಾಗುತ್ತದೆ. ಅಂದರೆ ಇಸ್ವಾಣದ ದೇಹ ಒಂದು ಕಿಲೋ ಹೆಚ್ಚಬೇಕಾದರೆ ಅದು ಸುಮಾರು 10 ಕಿಲೋ ಸಣ್ಣ ಮೀನು ತಿನ್ನಬೇಕು. ಆ ಸಣ್ಣ ಮೀನು ತಾರ್ಲೆಯಾಗಿದ್ದರೆ, ಅದು ಬಹುಮಟ್ಟಿಗೆ ನೇರವಾಗಿ ಸಸ್ಯ ಪ್ಲವಕವನ್ನೇ ತಿನ್ನುವುದರಿಂದ, 100 ಕಿಲೋ ಪ್ಲವಕ ಸಾಕು. ಅದೇ ಪ್ರಾಣಿ ಪ್ಲವಕವನ್ನು ತಿನ್ನುವ ಬೇರೆ ಮೀನಾಗಿದ್ದರೆ ನಡುವೆ ಇನ್ನೊಂದು ಮೆಟ್ಟಿಲು ಬಂದು ಲೆಕ್ಕ 1,000 ಕಿಲೋಗೆ ಏರುತ್ತದೆ.

ತಾರ್ಲೆಯ ಮಹತ್ವ ಇರುವುದು ಇಲ್ಲಿ. ಅದು ಕಡಲಿನ ಹಸಿರನ್ನು ಬೇಟೆಗಾರನ ಬಾಯಿಗೆ ತಲುಪಿಸುವ ಅತಿ ಚಿಕ್ಕ ದಾರಿ.

ಲಕ್ಷದ್ವೀಪದ ಪಾಠ

ದ್ವೀಪದ ತಳವೇ ಕುಸಿದರೆ ಬೇಟೆಗಾರ ಏನು ಮಾಡುತ್ತಾನೆ? ಇದಕ್ಕೆ ಉತ್ತರ ಸಿಕ್ಕಿರುವುದು ನೇತ್ರಾಣಿಯ ನೈರುತ್ಯಕ್ಕಿರುವ ಲಕ್ಷದ್ವೀಪದಲ್ಲಿ. ಅಲ್ಲಿ 1998, 2010 ಮತ್ತು 2016ರ ಬಿಸಿ ಅಲೆಗಳಲ್ಲಿ ಸಮುದ್ರದ ನೀರು ಮಿತಿಮೀರಿ ಕಾದು ಹವಳಗಳು ಬಿಳಿಚಿಕೊಂಡು ಸತ್ತವು. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಈ ಅವಧಿಯುದ್ದಕ್ಕೂ ಅಲ್ಲಿನ ಹವಳವನ್ನು ಗಮನಿಸುತ್ತಾ ಬಂದಿದ್ದಾರೆ. 1998ರಿಂದ ಎರಡು ದಶಕಗಳಿಗೂ ಮಿಕ್ಕಿದ ಅವಧಿಯಲ್ಲಿ ಜೀವಂತ ಹವಳದ ಹರವು ಸುಮಾರು ಅರ್ಧಕ್ಕೆ ಇಳಿದಿದೆ ಎಂಬುದು ಅವರ ಲೆಕ್ಕ.

ಇದೇ ಸಂಸ್ಥೆಯ ರುಚಾ ಕರ್ಕರೆ, ರೋಹನ್ ಆರ್ಥರ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ನವಿಲು ಗ್ರೂಪರ್ ಎಂಬ ಮೀನಿನ ಊಟದ ರೀತಿಯನ್ನು ಕುರಿತದ್ದು. ಹವಳ ಚೆನ್ನಾಗಿರುವ ಕಡೆ ಈ ಮೀನು ತನ್ನ ಸಂದಿಯ ಬಳಿ ಹೊಂಚು ಹಾಕಿ ಕೂರುತ್ತಿತ್ತು. ಹವಳ ಕುಸಿದು ತಳ ಬಯಲಾದ ಕಡೆ ಅದೇ ಮೀನು ಹೊಂಚುವುದನ್ನು ಬಿಟ್ಟು ಅಲೆದಾಡಿ ಬೇಟೆಯಾಡತೊಡಗಿತ್ತು. ಸುತ್ತುವ ಪ್ರದೇಶವೂ ದೊಡ್ಡದಾಗಿತ್ತು. ಸಂಖ್ಯೆ ಮಾತ್ರ ಹೆಚ್ಚು ಕುಸಿದಿರಲಿಲ್ಲ.

ಮೇಲುನೋಟಕ್ಕೆ ಇದು ಸಮಾಧಾನದ ಸುದ್ದಿ. ಬೇಟೆಗಾರ ಹೊಂದಿಕೊಳ್ಳಬಲ್ಲ. ಆದರೆ ಇದರಲ್ಲಿ ಎಚ್ಚರಿಕೆಯೂ ಇದೆ. ಮೀನಿನ ತಲೆ ಎಣಿಸಿ ಎಲ್ಲ ಸರಿಯಿದೆ ಎನ್ನಲಾಗದು. ಅದು ಹೇಗೆ ಉಣ್ಣುತ್ತಿದೆ ಎಂಬುದನ್ನು ನೋಡಿದರೆ ಮಾತ್ರ ಸಂಕಷ್ಟ ತಿಳಿಯುತ್ತದೆ. ಹೊಂದಿಕೊಳ್ಳುವ ಈ ಶಕ್ತಿ ಎಲ್ಲ ಜಾತಿಗಳಿಗೂ ಇರುವುದಿಲ್ಲ.

ಲಕ್ಷದ್ವೀಪದ ಮೀನುಗಾರರ ಬದುಕೂ ಬೇಟೆಗಾರನ ಹಸಿವಿನ ಮೇಲೆಯೇ ನಿಂತಿದೆ. ಮಿನಿಕಾಯ್‌ನಲ್ಲಿ ತಲೆಮಾರುಗಳಿಂದ ಇದ್ದು, 1960ರ ದಶಕದಲ್ಲಿ ಇತರ ದ್ವೀಪಗಳಿಗೂ ಹರಡಿದ ಟ್ಯೂನಾ ಮೀನುಗಾರಿಕೆಯಲ್ಲಿ ಬಲೆಯಿಂದ ಟ್ಯೂನಾ ಹಿಡಿಯುವುದಿಲ್ಲ. ಹವಳದ ನಡುವಿನ ಲಗೂನ್‌ನಲ್ಲಿ ಸಿಗುವ ಚಿಕ್ಕ ಮೀನುಗಳನ್ನು ಜೀವಂತ ಹಿಡಿದು ದೋಣಿಯಲ್ಲಿ ಇಟ್ಟುಕೊಳ್ಳುತ್ತಾರೆ. ಟ್ಯೂನಾ ಹಿಂಡು ಕಂಡಾಗ ಅವನ್ನು ಎರಚಿ, ಮೇಲೆ ನೀರು ಚಿಮುಕಿಸುತ್ತಾರೆ. ಸಣ್ಣ ಮೀನಿನ ಹಿಂಡೇ ಪುಟಿಯುತ್ತಿದೆ ಎಂದು ಟ್ಯೂನಾ ಮುಗಿಬೀಳುತ್ತದೆ. ಆಗ ಕೋಲುಗಾಳದಿಂದ ಒಂದೊಂದಾಗಿ ಎತ್ತುತ್ತಾರೆ. ಹವಳ ಸತ್ತರೆ ಆ ಚಿಕ್ಕ ಮೀನಿಲ್ಲ. ಚಿಕ್ಕ ಮೀನಿಲ್ಲದೆ ಕಡಲಿನಲ್ಲಿ ಟ್ಯೂನಾ ಇದ್ದರೂ ಕೈಗೆ ಬಾರದು.

ಬೆಳಕು ಮತ್ತು ಬಲೆ

ಮನುಷ್ಯನ ಕೈವಾಡದಿಂದ ಬೇಟೆಗಾರರು ಎಷ್ಟು ಕಡಿಮೆಯಾಗಬಲ್ಲರು ಎಂಬುದಕ್ಕೆ ಹವಾಯಿ ದ್ವೀಪಗಳು ಅಳತೆಗೋಲು. ಅಲನ್ ಫ್ರೀಡ್‌ಲ್ಯಾಂಡರ್ ಮತ್ತು ಎಡ್ವರ್ಡ್ ಡಿಮಾರ್ಟಿನಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನರು ಹೆಚ್ಚಾಗಿ ಹೋಗದ ವಾಯವ್ಯ ಹವಾಯಿ ದ್ವೀಪಗಳಲ್ಲಿ ಹವಳ ಪ್ರದೇಶದ ಒಟ್ಟು ಮೀನಿನ ತೂಕದಲ್ಲಿ ಶೇ 54ರಷ್ಟು ದೊಡ್ಡ ಬೇಟೆಗಾರ ಮೀನುಗಳದ್ದೇ. ಜನನಿಬಿಡ ಮುಖ್ಯ ದ್ವೀಪಗಳಲ್ಲಿ ಇದು ಶೇ 3 ಮಾತ್ರ. ಒಂದೇ ದ್ವೀಪಮಾಲೆಯಲ್ಲಿ ಇಷ್ಟು ಅಂತರ.

ನಮ್ಮ ಕರಾವಳಿಯಲ್ಲಿ ಬೇಟೆಗಾರರನ್ನು ನೇರವಾಗಿ ಹಿಡಿಯುವುದಕ್ಕಿಂತಲೂ ಅವುಗಳ ಊಟಕ್ಕೆ ಕೈಹಾಕುವುದೇ ದೊಡ್ಡ ಸಮಸ್ಯೆ. ಬೆಳಕಿನ ಮೀನುಗಾರಿಕೆ ಇದಕ್ಕೆ ಸ್ಪಷ್ಟ ಉದಾಹರಣೆ. ಕತ್ತಲ ರಾತ್ರಿಯಲ್ಲಿ ಪ್ರಖರ ಎಲ್‌ಇಡಿ ದೀಪ ಹೊತ್ತಿಸಿದರೆ ಮೊದಲು ಪ್ಲವಕ, ಹಿಂದೆಯೇ ಸಣ್ಣ ಮೀನು ಮತ್ತು ಬೊಂಡಾಸ್, ಅವುಗಳ ಹಿಂದೆ ಬೇಟೆಗಾರ, ಹೀಗೆ ಇಡೀ ಸರಪಳಿಯೇ ದೀಪದಡಿ ಸೇರುತ್ತದೆ. ಸುತ್ತ ಬಲೆ ಎಳೆದರೆ ಮೊಟ್ಟೆಯಿಡದ ಮರಿಗಳೂ ಸೇರಿ ಎಲ್ಲವೂ ಒಮ್ಮೆಗೇ ಬರುತ್ತವೆ. ಹಗಲು ಬಲೆ ಹಾಕುವ, ಗಾಳ ಇಡುವ ನಾಡದೋಣಿಯವನಿಗೆ ಮರುದಿನ ಏನೂ ಉಳಿಯದು. ಕರಾವಳಿಯಲ್ಲಿ ಸಾಂಪ್ರದಾಯಿಕ ಮೀನುಗಾರರು ಮತ್ತು ದೊಡ್ಡ ಯಾಂತ್ರಿಕ ದೋಣಿಗಳವರ ನಡುವೆ ವರ್ಷಗಳಿಂದ ನಡೆದಿರುವ ಜಟಾಪಟಿಯ ಮೂಲ ಇದೇ.

ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ದೇಶದ ವಿಶೇಷ ಆರ್ಥಿಕ ವಲಯದ ಕಡಲಿನಲ್ಲಿ ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನೂ, ಎರಡು ದೋಣಿಗಳು ಸೇರಿ ಒಂದು ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು. ರಾಜ್ಯದಲ್ಲಿಯೂ ಇವೆರಡಕ್ಕೆ ನಿಷೇಧವಿದೆ. ಆದರೂ ನಿಷೇಧ ಪಾಲನೆಯಾಗುತ್ತಿಲ್ಲ ಎಂಬ ದೂರು ನಿಂತಿಲ್ಲ.

ಇನ್ನೊಂದು ಒತ್ತಡ ಮೀನು ಪುಡಿ ಮತ್ತು ಮೀನೆಣ್ಣೆ ಕಾರ್ಖಾನೆಗಳದ್ದು. ಸಾಕಣೆಯ ಸಿಗಡಿ ಮತ್ತು ಕೋಳಿಯ ಆಹಾರಕ್ಕೆ ಇವುಗಳ ಉತ್ಪನ್ನ ಹೋಗುತ್ತದೆ. ಮನುಷ್ಯರು ತಿನ್ನದ ಗಾತ್ರದ ಮರಿ ಮೀನಿಗೂ ಇಲ್ಲಿ ಬೆಲೆಯಿರುವುದರಿಂದ ಅದನ್ನು ಹಿಡಿಯಲು ಹಿಂಜರಿಕೆ ಉಳಿದಿಲ್ಲ. ಬೇಟೆಗಾರ ಮೀನಿನ ಪಾಲಿಗೆ ಅದೇ ನಾಳಿನ ಊಟ.

ತಾರ್ಲೆಯನ್ನು ಎಂದೂ ಬತ್ತದ ಸಂಪತ್ತೆಂದು ತಿಳಿಯುವಂತಿಲ್ಲ ಎಂಬುದನ್ನು ನೆರೆಯ ಕೇರಳ ಕಂಡಿದೆ. ಸಿಎಂಎಫ್‌ಆರ್‌ಐ ಅಂಕಿಅಂಶದಂತೆ 2012ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಟನ್ ತಾರ್ಲೆ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಎಲ್‌ನಿನೊ ಸೇರಿದಂತೆ ಸಮುದ್ರದ ಬದಲಾವಣೆಗಳು ಮತ್ತು ಮರಿ ಮೀನುಗಳ ಮಿತಿಮೀರಿದ ಹಿಡಿತವನ್ನು ವಿಜ್ಞಾನಿಗಳು ಕಾರಣವಾಗಿ ಮುಂದಿಟ್ಟರು. ಬಳಿಕದ ವರ್ಷಗಳಲ್ಲಿ ಇಳುವರಿ ಚೇತರಿಸಿಕೊಂಡಿತಾದರೂ, ಕುಸಿತ ಎಷ್ಟು ಬೇಗ ಬರಬಲ್ಲದು ಎಂಬುದು ಆ ಅಂಕಿಗಳಲ್ಲಿದೆ.

ನೇತ್ರಾಣಿಗೆ ತನ್ನದೇ ಆದ ಸಂಕಟಗಳೂ ಇದ್ದವು. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದನ್ನು ಪರಿಸರಾಸಕ್ತರು ಬಲವಾಗಿ ವಿರೋಧಿಸಿದ್ದರು. ಹವಳಕ್ಕೆ ಲಂಗರು ತಗುಲುವುದು, ಬಂಡೆಗೆ ಸಿಕ್ಕಿ ಹರಿದ ನೈಲಾನ್ ಬಲೆ ಅಲ್ಲಿಯೇ ಉಳಿದು ಮೀನು ಕೊಲ್ಲುತ್ತಿರುವುದು ಇಂತಹ ಯಾವುದೇ ತಾಣದ ಸಾಮಾನ್ಯ ಸಮಸ್ಯೆಗಳು.

ಬೇಟೆಗಾರನ ಊಟ, ನಮ್ಮ ತಟ್ಟೆ

ಬೇಟೆಗಾರ ಮೀನು ಏನು ತಿಂದಿದೆ ಎಂಬುದು ಗ್ರಾಹಕನಿಗೂ ಸಂಬಂಧಿಸಿದ ವಿಷಯ. ಹವಳದ ಮೇಲೆ ಬೆಳೆಯುವ ಒಂದು ಬಗೆಯ ಸೂಕ್ಷ್ಮ ಪಾಚಿ ವಿಷ ಉತ್ಪಾದಿಸುತ್ತದೆ. ಪಾಚಿ ಮೇಯುವ ಮೀನಿನಿಂದ ಅದು ಸ್ನ್ಯಾಪರ್, ಗ್ರೂಪರ್, ಬರಾಕುಡಗಳಿಗೆ ಏರಿ ಸಂಗ್ರಹವಾಗುತ್ತದೆ. ಸಿಗುವಟೆರಾ ಎಂದು ಕರೆಯಲಾಗುವ ಈ ವಿಷ ಬೇಯಿಸಿದರೂ ನಾಶವಾಗದು. ಸ್ನ್ಯಾಪರ್ ಮೀನು ತಿಂದು ಮಂಗಳೂರಿನಲ್ಲಿ ಜನ ಅಸ್ವಸ್ಥರಾದ, ಸಿಗುವಟೆರಾ ಎಂದು ಶಂಕಿಸಲಾದ ಪ್ರಕರಣವನ್ನು 2016ರಲ್ಲಿ 'ಕರೆಂಟ್ ಸೈನ್ಸ್' ವಿಜ್ಞಾನ ಪತ್ರಿಕೆ ವರದಿ ಮಾಡಿತ್ತು.

ಪಾದರಸವೂ ಇದೇ ರೀತಿ ಸರಪಳಿಯ ಪ್ರತಿ ಮೆಟ್ಟಿಲಿನಲ್ಲಿ ಸಾಂದ್ರವಾಗುತ್ತದೆ. ಶಾರ್ಕ್, ಮಾರ್ಲಿನ್, ಕತ್ತಿಮೀನುಗಳಂತಹ ದೊಡ್ಡ ಬೇಟೆಗಾರರನ್ನು ಗರ್ಭಿಣಿಯರು ತಿನ್ನಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಲಹೆ ನೀಡುತ್ತದೆ. ಸರಪಳಿಯ ಕೆಳಗಿರುವ ತಾರ್ಲೆಯಲ್ಲಿ ಈ ಅಂಶ ಕಡಿಮೆ. ಬೆಲೆಯೂ ಕಡಿಮೆ.

ಊಟ ಉಳಿದರೆ ಬೇಟೆಗಾರ

ರಾಜ್ಯದಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ತಾರ್ಲೆ ಮೊಟ್ಟೆಯಿಡುವುದು ಹೆಚ್ಚಾಗಿ ಮಳೆಗಾಲದಲ್ಲಿ. ಆದ್ದರಿಂದ ಈ ರಜೆ ಬೇಟೆಗಾರ ಮೀನಿನ ಕಣಜಕ್ಕೂ ಕಾವಲು. ಆದರೆ ಎರಡು ತಿಂಗಳು ಕಾಪಾಡಿದ ಮರಿಯನ್ನು ಮೂರನೆಯ ತಿಂಗಳು ದೀಪ ಹಚ್ಚಿ ಬಾಚಿದರೆ ರಜೆಗೆ ಅರ್ಥ ಉಳಿಯದು.

ಮೀನುಗಾರಿಕೆಯ ಚರ್ಚೆಗಳಲ್ಲಿ ಇದುವರೆಗೂ ಕೇಳಿಬರುವುದು ಎಷ್ಟು ಟನ್ ಹಿಡಿಯಲಾಯಿತು ಎಂಬ ಪ್ರಶ್ನೆಯೇ. ಕಡಲಿನಲ್ಲಿ ಉಳಿದ ಬೇಟೆಗಾರರಿಗೆ ತಿನ್ನಲು ಎಷ್ಟು ಬಿಡಲಾಯಿತು ಎಂಬ ಪ್ರಶ್ನೆಯೂ ಜತೆಗೆ ಬರಬೇಕಾಗಿದೆ. ಇಸ್ವಾಣಕ್ಕೆ ತಾರ್ಲೆ ಬೇಕು, ಮುರು ಮೀನಿಗೆ ಸಂದಿಯುಳ್ಳ ಬಂಡೆ ಬೇಕು, ಟ್ಯೂನಾ ಹಿಡಿಯುವವನಿಗೆ ಹವಳದ ಚಿಕ್ಕ ಮೀನು ಬೇಕು. ಮುರ್ಡೇಶ್ವರ, ಭಟ್ಕಳ, ಹೊನ್ನಾವರದ ದೋಣಿಗಳಿಗೂ, ಘಟ್ಟದ ಮೇಲಿನ ಮಾರುಕಟ್ಟೆಗೂ ದೊಡ್ಡ ಮೀನು ಬರುತ್ತಿರಬೇಕಾದರೆ ಸಣ್ಣ ಮೀನಿನ ಲೆಕ್ಕವನ್ನು ಮೊದಲು ಸರಿಪಡಿಸಬೇಕು.